ಭಾಷಣಕ್ಕೆ ಮುಂಚಿನದು

ನಾಯಕರ ಒಂದು ಭಾಷಣಕ್ಕೆ ಸರ್ಕಾರ ಎಷ್ಟು ಸುರಿಯಿತು ಎಂಬ ಲೆಕ್ಕ ಕೊನೆಗೂ ಬಯಲಾದ ದಿನ ಬೀದಿಗೆ ಬೀದಿಯೇ ಬಾಯಿಬಿಟ್ಟಿತು. ವೇದಿಕೆಯ ಹೂವಿನ ದುಡ್ಡಿನಲ್ಲಿ ಒಂದು ಮದುವೆ ಮುಗಿಸಬಹುದಿತ್ತು ಎಂದು ಒಬ್ಬರು, ಜಮಖಾನದ ದುಡ್ಡಿನಲ್ಲಿ ನಮ್ಮ ರಸ್ತೆಗೆ ಡಾಂಬರು ಬರುತ್ತಿತ್ತು ಎಂದು ಇನ್ನೊಬ್ಬರು. ಅವರದೇ ದುಡ್ಡು ತಾನೆ, ಆಡಿಕೊಳ್ಳಲಿ ಬಿಡಿ.

ಮೈಕಿನವನ ಹೆಂಡತಿ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಹಜಾರದಲ್ಲಿ ಅವಳ ನಾದಿನಿ ಪತ್ರಿಕೆ ಹರಡಿಕೊಂಡು, ಸಾಲಿಗೊಂದು ಬೈಗುಳ ಸೇರಿಸಿ ಗಟ್ಟಿಯಾಗಿ ಓದುತ್ತಿದ್ದಳು.

"ಅತ್ತಿಗೆ, ಇದನ್ನ ಕೇಳಿ! ಭಾಷಣ ಮುಕ್ಕಾಲು ಗಂಟೆ, ವಿಡಿಯೋ ತೆಗೆಸಿದ್ದು ಬೆಳಗ್ಗಿಂದ ಸಂಜೆವರೆಗಂತೆ! ಖಾಲಿ ಕುರ್ಚಿಗಳ ಮುಖ ನೋಡೋಕೂ ಸರ್ಕಾರದ ದುಡ್ಡೇ ಬೇಕಾ ಇವರಿಗೆ?"

ನಲ್ಲಿ ಸುರಿಯುತ್ತಲೇ ಇತ್ತು. ಅವಳ ಕೈ ನಿಂತುಹೋಗಿತ್ತು.

ಕುರ್ಚಿಗಳು ಖಾಲಿಯಿದ್ದ ಆ ಹೊತ್ತಿನಲ್ಲಿ ಮೈದಾನದಲ್ಲಿದ್ದವನು ಅವಳ ಗಂಡ. ಜನ ಬರುವ ಮೊದಲೇ ಮೈಕು ಕಟ್ಟಿ, ವೈರು ಎಳೆದು, ಹಿಂದಿನ ಸಾಲಿಗೂ ಕೇಳುತ್ತದೋ ಇಲ್ಲವೋ ಎಂದು ಮಾತಾಡಿ ನೋಡುವುದು ಅವನ ಕೆಲಸ. ಆ ಸಭೆಯಾದ ಕೆಲವೇ ವಾರಗಳಲ್ಲಿ, ಎದೆನೋವು ಎಂದು ಕುಳಿತವನು ಮತ್ತೆ ಏಳಲಿಲ್ಲ. ಊರವರ ದನಿಯನ್ನೆಲ್ಲ ದೊಡ್ಡದು ಮಾಡಿ ಕೇಳಿಸಿದವನು ತನ್ನ ದನಿಯನ್ನು ಮಾತ್ರ ಎಲ್ಲೂ ಉಳಿಸಿ ಹೋಗಿರಲಿಲ್ಲ. ಫೋಟೊ ಇತ್ತು, ಗೋಡೆಯ ಮೇಲಿಂದ ಸುಮ್ಮನೆ ನಗುತ್ತಿದ್ದ. ಫೋನಿನಲ್ಲಂತೂ ಮಹಾ ಜಿಪುಣ. ಕೆಲಸ ಮುಗಿಸಿ ಹೊರಟರೆ ಒಂದು ಮಿಸ್ಡ್ ಕಾಲ್, ಅಷ್ಟೆ. ಅದು ಬಂದರೆ ಅವಳು ಚಹಾಕ್ಕೆ ನೀರಿಡಬೇಕು.

ಬಾಗಿಲಲ್ಲಿ ಚಪ್ಪಲಿ ಬಿಡುತ್ತ "ಏನೇ" ಎನ್ನುತ್ತಿದ್ದ. "ಬಂದೆ ಇರ್ರಿ" ಎಂದು ಅವಳು ಒಳಗಿನಿಂದಲೇ ಓಗೊಡುತ್ತಿದ್ದಳು. ಅಷ್ಟು ವರ್ಷದ ಸಂಸಾರದಲ್ಲಿ ಅವನ ಬಾಯಲ್ಲಿ ಅವಳಿಗಿದ್ದ ಹೆಸರು ಅದೊಂದೇ. "ನನಗೂ ಅಪ್ಪ ಅಮ್ಮ ಒಂದು ಹೆಸರಿಟ್ಟಿದಾರೆ ಕಣ್ರೀ" ಎಂದು ಮುನಿಸಿಕೊಂಡರೆ, "ಸವೆದುಹೋಗುತ್ತೆ ಅಂತ ಎತ್ತಿಟ್ಟಿದೀನಿ" ಎಂದು ನಗುತ್ತಿದ್ದ.

ಈಚೆಗೆ ಅವಳಿಗೊಂದು ಭಯ ಹಿಡಿದಿತ್ತು. ಆ "ಏನೇ" ಹೇಗೆ ಕೇಳಿಸುತ್ತಿತ್ತು ಎನ್ನುವುದು ಮರೆಯುತ್ತಿತ್ತು. ಮಾತು ನೆನಪಿತ್ತು, ದನಿ ಜಾರುತ್ತಿತ್ತು. ಇದನ್ನು ಯಾರ ಹತ್ತಿರ ಹೇಳಿಕೊಳ್ಳುವುದು? ಒಬ್ಬಳೇ ಒದ್ದಾಡುತ್ತಿದ್ದಳು.

ಮರುದಿನ ಬೆಳಗ್ಗೆಯೇ, ಆ ವಿಡಿಯೋ ತೆಗೆಸಿದ್ದ ಸರ್ಕಾರದ ಮಾಹಿತಿ ಕಚೇರಿಗೆ ಹೋದಳು. ಪತ್ರಕರ್ತರ ಬಾಯಿಗೆ ಸಿಕ್ಕಿ ಹೈರಾಣಾಗಿದ್ದ ಅಧಿಕಾರಿ ಅವಳನ್ನು ಕಂಡೊಡನೆ ಮುಖ ಗಂಟಿಕ್ಕಿದ.

"ಹೂವಿನ ವಿಷಯಾನಾ, ಜಮಖಾನದ ವಿಷಯಾನಾ?"

"ವಿಡಿಯೋ ನೋಡ್ಬೇಕಿತ್ತು ಸಾರ್."

"ಭಾಷಣ ತಾನೆ? ಫೋನಲ್ಲೇ ಸಿಗುತ್ತಲ್ಲಮ್ಮ."

"ಭಾಷಣ ಬೇಡ. ಅದಕ್ಕೆ ಮುಂಚಿನದು."

"ಮುಂಚಿನದರಲ್ಲಿ ಏನಿದೆ ಮಣ್ಣು! ಅದು ದಂಡದ ಖರ್ಚು ಅಂತ ಪೇಪರಿನವರು ಬೇರೆ ಮಾನ ಕಳೆದಿದಾರೆ. ಭಾಷಣ ಇಟ್ಕೊಂಡು ಉಳಿದಿದ್ದು ಅಳಿಸಿ ಅಂತ ಮೇಲಿಂದ ಹೇಳಿದ್ದೂ ಆಯ್ತು."

"ಅಳಿಸಿಬಿಟ್ರಾ?"

"ಇವತ್ತು ಅಳಿಸ್ಬೇಕು."

"ಅದರಲ್ಲಿ ನಮ್ಮನೆಯವರು ಇದಾರೆ ಸಾರ್. ಮೈಕು ಹಾಕಿದವರು. ಈಗ ಇಲ್ಲ ಅವರು." ಅವಳು ಮೇಜಿನ ಹತ್ತಿರಕ್ಕೆ ಸರಿದಳು. "ಒಂದು ಸಲ ದನಿ ಕೇಳಿದ್ರೆ ಸಾಕು."

ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದ, ಹಾಕಿದ, ಮತ್ತೆ ತೆಗೆದ. ಎಷ್ಟಾದರೂ ಸಂಜೆ ಮನೆಗೆ ಹೋದರೆ ಅವನನ್ನು ಕರೆಯುವವರೂ ಯಾರೋ ಇದ್ದರು. ವಿಡಿಯೋ ಹಾಕಿ ಕಂಪ್ಯೂಟರಿನ ಪರದೆಯನ್ನು ಅವಳ ಕಡೆ ತಿರುಗಿಸಿದ.

ಮೈದಾನ. ಸಾಲು ಸಾಲು ಕುರ್ಚಿಗಳು, ನಡುವೆ ಅಡ್ಡಾಡುವ ಒಂದು ನಾಯಿ. ವೇದಿಕೆಯ ಮೇಲೆ ಬೆರಳುದ್ದ ಕಾಣುವ ಅವನು. ಅದೇ ನೀಲಿ ಅಂಗಿ, ಬೆಳಗ್ಗೆ ಅವಳೇ ಇಸ್ತ್ರಿ ಮಾಡಿಕೊಟ್ಟದ್ದು. ಮೈಕಿಗೆ ತಟ್ಟಿ ಕೆಮ್ಮಿದ. ಆ ಕೆಮ್ಮಿಗೇ ಅವಳ ಕಣ್ಣು ತುಂಬಿತು. ಇನ್ನು "ಹಲೋ ಹಲೋ" ಎನ್ನುತ್ತಾನೆ ಎಂದುಕೊಂಡಳು. ಮೈಕಿನಲ್ಲಿ ಏನು ಹೇಳುತ್ತೀರಿ ಎಂದು ಕೇಳಿದಾಗಲೆಲ್ಲ ಅವನು ಹೇಳಿದ್ದು ಅದನ್ನೇ.

ಅವನು ಅವಳ ಹೆಸರು ಹೇಳಿದ.

ಪೂರ್ತಿ ಹೆಸರು, ಬಿಡಿಸಿ ಬಿಡಿಸಿ. ಒಮ್ಮೆ ಮೆಲ್ಲಗೆ, ಒಮ್ಮೆ ಗಟ್ಟಿಯಾಗಿ. ಅದು ಖಾಲಿ ಮೈದಾನದ ಕೊನೆ ಮುಟ್ಟಿ ವಾಪಸು ಬಂತು. ಕೆಳಗೆ ವೈರು ಸುತ್ತುತ್ತಿದ್ದ ಜೊತೆಗಾರ ಕೂಗಿದ್ದು ಕೇಳಿಸಿತು: "ಯಾವಾಗ ನೋಡಿದ್ರೂ ಅತ್ತಿಗೆ ಹೆಸರೇನಾ ಅಣ್ಣಾ? ಇವತ್ತಾದ್ರೂ ನಾಯಕರ ಹೆಸರು ಹೇಳು!"

"ಅವರ ಹೆಸರು ಕೂಗೋಕೆ ಊರಿಗೆ ಊರೇ ಬರುತ್ತೆ ಕಣೋ," ಎಂದ ಅವನು ಮೈಕಿನಲ್ಲೇ. "ಇದಕ್ಕೆ ನಾನೊಬ್ಬನೇ."

ಅಧಿಕಾರಿ ಮುಖ ತಿರುಗಿಸಿಕೊಂಡು, ಮೇಜಿನ ಡ್ರಾಯರಿನಲ್ಲಿ ಖಾಲಿ ಪೆನ್‌ಡ್ರೈವ್ ಹುಡುಕತೊಡಗಿದ. ಪರದೆಯ ಮೇಲೆ ಅವನು ಇನ್ನೊಮ್ಮೆ ಕರೆದ, ಹಿಂದಿನ ಸಾಲಿಗೂ ಕೇಳುವ ಹಾಗೆ.

"ಬಂದೆ ಇರ್ರಿ," ಎಂದಳು ಅವಳು.