ನೀಲಿ ಮೇಲಾದ ಬಾವುಟ

ಸಗಣಿ ಗೊಬ್ಬರ ಹೆಚ್ಚಾಗಿ ಪರಿಸರ ಕೆಡುತ್ತಿದೆ, ಹಸುಗಳನ್ನು ಕಡಿಮೆ ಮಾಡಿ ಎಂದು ಸರ್ಕಾರ ರೈತರಿಗೆ ಹೇಳಿದ ವರ್ಷ ನನ್ನ ಗಂಡ ರೂಲೊಫ್ ಅಂಗಳದ ಕಂಬಕ್ಕೆ ನಮ್ಮ ಹಾಲೆಂಡಿನ ಬಾವುಟವನ್ನು ತಲೆಕೆಳಗಾಗಿ ಕಟ್ಟಿದ. ಕೆಂಪು ಇರಬೇಕಾದ ಕಡೆ ನೀಲಿ. ಸುತ್ತಲಿನ ರೈತರೆಲ್ಲ ಹಾಗೆ ಕಟ್ಟಿಯೇ ಸಿಟ್ಟು ತೋರಿಸಿದ್ದರು. ಎಷ್ಟೋ ಜನ ಆಮೇಲೆ ಬಿಚ್ಚಿದರೂ ನಮ್ಮ ಹಟಮಾರಿ ಬಿಚ್ಚಲಿಲ್ಲ. ಆ ಸಿಟ್ಟಿನಲ್ಲೇ ಹೋಗಿ, ವಲಸೆ ಬಂದವರನ್ನೆಲ್ಲ ವಾಪಸ್ ಕಳಿಸುತ್ತೇವೆ ಎನ್ನುವ ಪಕ್ಷಕ್ಕೆ ಓಟು ಹಾಕಿ ಬಂದ. ನಾನು ಅಪ್ಪನ ಕಾಲದಿಂದ ಮನೆಯವರೆಲ್ಲ ಹಾಕುತ್ತಿದ್ದ ಕಾರ್ಮಿಕರ ಪಕ್ಷಕ್ಕೇ ಹಾಕಿದೆ. ಆದರೆ ಇದು ಸರಿಯೇ ಎಂದು ಮೊದಲ ಸಲ ಅನುಮಾನ ಬಂತು. ಅದನ್ನು ಅವನಿಗೆ ಹೇಳಲಿಲ್ಲ. ಇಬ್ಬರೂ ಎಲ್ಲ ತಿಳಿದವರಂತೆ ಊಟದ ಮೇಜಿನಲ್ಲಿ ಜಗಳವಾಡಿದೆವು. ಆಮೇಲೆ ಜಗಳವೂ ನಿಂತು ಮನೆಯಲ್ಲಿ ಮಾತೇ ಕಡಿಮೆಯಾಯಿತು.

ಎದುರು ಮನೆಯಲ್ಲಿ ಸಿರಿಯಾದಿಂದ ಬಂದ ಸಮರ್ ಮತ್ತು ಅವಳ ಮಗಳು ರಹಾಫ್ ಇದ್ದಾರೆ. ರಹಾಫಳಿಗೆ ಸೈಕಲ್ ಕಲಿಸಿದವನು, ಎದುರುಗಾಳಿಯಲ್ಲಿ ಬಗ್ಗಿ ತುಳಿಯಲು ಹೇಳಿಕೊಟ್ಟವನು ಇದೇ ರೂಲೊಫ್.

"ಅವಳನ್ನೂ ಕಳಿಸ್ತೀಯಾ?" ಎಂದು ಒಮ್ಮೆ ಕೇಳಿದ್ದೆ.

"ಅವಳು ಬೇರೆ ಕಣೆ," ಎಂದು ಎದ್ದು ಹೋಗಿದ್ದ.

ಜೂನ್ ತಿಂಗಳಲ್ಲಿ ಶಾಲೆಯ ಕೊನೆಯ ಪರೀಕ್ಷೆಯ ಫಲಿತಾಂಶ ಬಂತು. ನಮ್ಮಲ್ಲಿನ ವಾಡಿಕೆಯಂತೆ ಪಾಸಾದವರ ಮನೆ ಮುಂದೆಲ್ಲ ಬಾವುಟ ಏರಿತು, ತುದಿಗೆ ಶಾಲೆಯ ಹಳೆಯ ಚೀಲ ತೂಗಾಡಿತು. ಎದುರು ಮನೆಯಲ್ಲೂ ಏರಿತು. ನಾನು ಹಿಗ್ಗಿನಿಂದ ಕಿಟಕಿಗೆ ಓಡಿ ನೋಡಿದರೆ, ನೀಲಿ ಮೇಲಿತ್ತು.

ರೂಲೊಫ್‌ನ ಮುಖ ಕೆಂಪಾಯಿತು. ಏಣಿ ಹೆಗಲಿಗೇರಿಸಿ ರಸ್ತೆ ದಾಟಿದ. ಆ ಹುಡುಗಿಯ ದಿನವನ್ನು ಇವನು ಹಾಳು ಮಾಡಿದರೆ ಈ ಜನ್ಮದಲ್ಲಿ ಕ್ಷಮಿಸುವುದಿಲ್ಲ ಎಂದುಕೊಂಡು ನಾನೂ ಹಿಂದೆ ಓಡಿದೆ.

ಬಾಗಿಲಲ್ಲಿ ಸಮರ್ ಒಬ್ಬಳೇ ಇದ್ದಳು.

"ಇದನ್ನ ಹೀಗೆ ಕಟ್ಟು ಅಂತ ಯಾರಮ್ಮಾ ಹೇಳಿದ್ದು?"

"ಯಾರೂ ಇಲ್ಲ ಅಣ್ಣಾ. ರಹಾಫ್ ಬರೋಷ್ಟ್ರಲ್ಲಿ ಕಟ್ಟೋಣ ಅಂತ ನಾನೇ... ನಿಮ್ಮನೇದು ನೋಡ್ಕೊಂಡು ಕಟ್ಟಿದೆ. ತಪ್ಪಾಯ್ತಾ?"

"ಕೆಂಪು ಮೇಲೆ ಬರ್ಬೇಕು."

"ಮತ್ತೆ ನಿಮ್ಮದು?"

ರೂಲೊಫ್ ಏಣಿಯನ್ನು ಗೋಡೆಗೆ ಒರಗಿಸಿದ. "ಅದು ಸಿಟ್ಟಿಗೆ ಕಟ್ಟಿದ್ದು."

"ಇಷ್ಟು ವರ್ಷಾನಾ?" ಸಮರ್ ಬೆರಗಾದಳು. "ದಿನಾ ನೋಡ್ತಿದ್ದೆ. ಆ ಮನೇಲಿ ಯಾವಾಗ್ಲೂ ಏನೋ ಸಂತೋಷ ಇರುತ್ತೆ ಅಂದ್ಕೊಂಡಿದ್ದೆ."

ಅವನು ನನ್ನತ್ತ ನೋಡದೆ ಏಣಿ ಹತ್ತಿ ಬಾವುಟ ಬಿಚ್ಚಿ, ಕೆಂಪು ಮೇಲೆ ಮಾಡಿ ಕಟ್ಟಿ, ಚೀಲವನ್ನು ಗಾಳಿಗೆ ಬೀಳದಂತೆ ಬಿಗಿದ. ಅಷ್ಟರಲ್ಲಿ ರಹಾಫ್ ಸೈಕಲ್ಲಿನಲ್ಲಿ ಬಂದಳು. "ಮಾಮಾ, ಪಾಸ್!" ಎಂದು ಕೂಗಿ, ಕೆಳಗಿಳಿದವನ ಕುತ್ತಿಗೆಗೆ ಜೋತುಬಿದ್ದಳು. "ಗೊತ್ತು ಬಿಡು, ಕತ್ತೆ," ಎಂದು ಅವನು ಅವಳ ಬೆನ್ನು ತಟ್ಟಿದ.

ವಾಪಸ್ ಬಂದು ನಮ್ಮ ಕಂಬದ ಬಾವುಟವನ್ನೂ ಇಳಿಸಿದ.

"ತಿರುಗಿಸಿ ಕಟ್ತೀಯಾ?" ಎಂದೆ.

"ಊಹೂಂ. ಎಲ್ಲ ಸರಿ ಇದೆ ಅಂದಂಗಾಗುತ್ತೆ." ಬಟ್ಟೆಯನ್ನು ಕೈಯಲ್ಲಿ ಹಿಡಿದೇ ಇದ್ದ. "ಮುಂದಿನ ಸಲ ಯಾರಿಗೆ ಓಟು ಹಾಕ್ಬೇಕೋ ಒಂದೂ ತಿಳೀತಿಲ್ಲ ಕಣೆ."

"ನನಗೂ ಅಷ್ಟೇ ಮಾರಾಯ. ಹೋದ ಸಲಾನೂ ತಿಳಿದಿರ್ಲಿಲ್ಲ."

"ಮತ್ತೆ ಅಷ್ಟೊಂದು ಜಗಳ ಆಡಿದ್ಯಲ್ಲೇ!"

"ನೀನು ಆಡ್ತಿದ್ಯಲ್ಲ, ಅದಕ್ಕೆ."

ಅವನು ನಕ್ಕುಬಿಟ್ಟ. ಆ ನಗು ಕೇಳಿ ಎಷ್ಟು ಕಾಲವಾಗಿತ್ತೋ, ನನಗೆ ಅಳುವೇ ಬಂತು. ಬಾವುಟ ನೆಲಕ್ಕೆ ತಾಗದಂತೆ ಆ ತುದಿ ಅವನು, ಈ ತುದಿ ನಾನು ಹಿಡಿದು ಮಡಚಿದೆವು.