ಇಪ್ಪತ್ನಾಲ್ಕು ಜೋಡಿ ಎತ್ತು

ಆ ಟ್ರಂಕು ಕಣ್ಣಿಗೆ ಬಿದ್ದರೆ ಸಾಕು, ಮುರಿಗೆಪ್ಪನಿಗೆ ಮೈಯೆಲ್ಲ ಉರಿಯುತ್ತಿತ್ತು. ಕಣ್ಣಿಗೆ ಬೀಳದೆ ಅದಾದರೂ ಎಲ್ಲಿ ಹೋದೀತು? ಮುಂಬಯಿಯ ಜೋಗೇಶ್ವರಿಯ ಚಾಳಿನಲ್ಲಿ ಹತ್ತಡಿ ಅಗಲ, ಹನ್ನೆರಡಡಿ ಉದ್ದದ ಒಂದೇ ಖೋಲಿ; ಬಾಗಿಲು ತೆರೆದರೆ ಮೊದಲು ಎಡವುವುದೇ ಅದನ್ನು. ವಿಜಾಪುರದ ಕಡೆಯಿಂದ ಬಂದು ಹನ್ನೊಂದು ತಿಂಗಳಾಗಿತ್ತು. ಅವನ ತಾಯಿ ರಾಚವ್ವ ಇನ್ನೂ ತನ್ನ ಸೀರೆಗಳನ್ನು ಅದರಿಂದ ಹೊರಗೆ ತೆಗೆದಿರಲಿಲ್ಲ. ಉಡುವ ಎರಡು ಸೀರೆ ಹಗ್ಗದ ಮೇಲೆ, ಉಳಿದದ್ದೆಲ್ಲ ಮಡಿಕೆ ಮುರಿಯದೆ ಟ್ರಂಕಿನೊಳಗೆ. ಬೆಳಗಿನ ಗಾಡಿಗೆ ಹೊರಟವರ ಸಾಮಾನು ನೋಡಿದ ಹಾಗಿತ್ತು.

"ಏನ್ ಊರೋ ಯಪ್ಪಾ ಇದು," ಎಂದು ಆಕೆ ದಿನಾ ಸಂಜೆ ಶುರು ಮಾಡುವಳು. "ಮಂದಿ ಬಾಗಲಾ ತಟ್ಟಿದ್ರ 'ಕಾಯ್ ಪಾಹಿಜೆ' ಅಂತಾರ. ಏನೂ ಬ್ಯಾಡವ್ವಾ, ಸುಮ್ನ ಎರಡು ಮಾತಾಡಾಕ ಬಂದೀನಿ ಅಂದ್ರ ಯಾರಿಗೂ ತಿಳಿಯಂಗಿಲ್ಲ. ಪರದೇಶ ಇದು. ಊರಿಗಿ ಹೋಗೂಣು ನಡಿ."

"ಪರದೇಶ ಹೆಂಗ ಆಗತೈತಿ? ನಮ್ಮ ವಿಜಾಪುರಾನೂ ಮುಂಬಯಿ ರಾಜ್ಯದಾಗ ಐತಿ. ಸರಕಾರ ಒಂದ."

"ಸರಕಾರ ಒಂದ್ ಇದ್ರ ನಾಲಿಗಿ ಒಂದ್ ಆಗತೈತೇನು?"

ರಾಚವ್ವ ತಾನೊಬ್ಬಳೇ ಹೋಗುತ್ತೇನೆಂದಿದ್ದರೆ ಅವನು ಟಿಕೀಟು ತೆಗೆದುಕೊಟ್ಟು ಕೈ ತೊಳೆದುಕೊಳ್ಳುತ್ತಿದ್ದನೋ ಏನೋ. ಆಕೆ ಹಾಗೆ ಹೇಳುವವಳಲ್ಲ. ಇರುವ ಒಬ್ಬ ಮಗನೂ ಜೊತೆಗೇ ಬರಬೇಕು. ಹನ್ನೊಂದು ತಿಂಗಳು ಹೇಗೋ ತಡೆದುಕೊಂಡ ಮುರಿಗೆಪ್ಪ ಕೊನೆಗೆ ಸೋತು, ವಿಜಾಪುರದ ಕಚೇರಿಗೆ ವರ್ಗ ಬೇಡಿ ಅರ್ಜಿ ಬರೆದಿಟ್ಟಿದ್ದ. ಮಣ್ಣೆತ್ತಿನ ಅಮಾವಾಸ್ಯೆ ಆ ವರ್ಷ, ಐವತ್ಮೂರರಲ್ಲಿ, ಶನಿವಾರ ಬಂದಿತ್ತು. ಹಬ್ಬ ಮುಗಿಸಿ ಸೋಮವಾರ ಅರ್ಜಿ ಸಾಹೇಬರ ಮೇಜಿನ ಮೇಲೆ ಇಡುವುದೆಂದು ತಾಯಿ ಮಗನ ನಡುವೆ ಕರಾರಾಗಿತ್ತು.

ಅರ್ಜಿ ಬರೆದ ರಾತ್ರಿ ಅವನಿಗೆ ಅಳು ಬಂತು ಎಂದರೆ ಸುಳ್ಳಲ್ಲ. ಮುಂಬಯಿಯ ಮೇಲಿನ ಮೋಹಕ್ಕಲ್ಲ. ಆ ಲೋಕಲ್ಲಿನ ನೂಕುನುಗ್ಗಲು, ನಲ್ಲಿಯ ಮುಂದಿನ ಜಗಳ, ಯಾರಿಗೆ ಬೇಕಾಗಿತ್ತು? ಅವನ ಹೊಟ್ಟೆ ಉರಿದದ್ದು ಗೋಡೆಯ ಹಲಗೆಯ ಮೇಲಿದ್ದ ಸೈನ್ಯಕ್ಕಾಗಿ.

ನಗುವವರು ನಗಲಿ. ಮೂವತ್ತೆರಡು ವರ್ಷದ ಸರಕಾರಿ ಗುಮಾಸ್ತ ಬೊಂಬೆ ಆಡುತ್ತಾನೆಂದು ಅವನ ಕಚೇರಿಯವರು ನಕ್ಕೂ ಆಗಿತ್ತು. ಅದು ಶುರುವಾದದ್ದು ಲೋಕಲ್ಲಿನಲ್ಲಿ. ಅವನಿಗೆ ಚಿಕ್ಕಂದಿನಿಂದ ಕೋಟೆ, ಆನೆ, ತೋಪುಗಳ ಹುಚ್ಚು. ಕಿಟಕಿಯ ಪಕ್ಕ ಕುಳಿತು ವಹಿಯೊಂದರಲ್ಲಿ ಆನೆ ಬರೆಯುತ್ತಿದ್ದಾಗ ಪಕ್ಕದವನು ಬಗ್ಗಿ ನೋಡಿ, "ಅಷ್ಟು ದೊಡ್ಡ ಅಂಬಾರಿ ಇಟ್ರೆ ಆನೆ ಯುದ್ಧದಲ್ಲಿ ಮಗುಚಿ ಬೀಳ್ತದೆ ಮಾರಾಯ್ರೆ," ಎಂದ. ಅವನೇ ಸದಾನಂದ. ಉಡುಪಿಯ ಕಡೆಯವನು, ಅಂಧೇರಿ ಸ್ಟೇಷನ್ನಿನ ಎದುರಿನ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುವವನು. ಮಹಾಯುದ್ಧದಲ್ಲಿ ಇಟಲಿಗೆ ಹೋಗಿ ಕಾಲಿಗೆ ಪೆಟ್ಟು ತಿಂದು ಆಸ್ಪತ್ರೆಯಲ್ಲಿ ಬಿದ್ದಿದ್ದಾಗ, ಬಿಳಿಯ ಅಧಿಕಾರಿಗಳು ಬೆರಳುದ್ದದ ಸೀಸದ ಸಿಪಾಯಿಗಳನ್ನು ಮೇಜಿನ ಮೇಲೆ ಹೂಡಿ ಯುದ್ಧ ಆಡುವುದನ್ನು ನೋಡಿ ಕಲಿತಿದ್ದ. ಕಾಲಾಳು ಆರು ಇಂಚು ನಡೆಯಬೇಕು, ಕುದುರೆ ಹನ್ನೆರಡು, ಹೊಡೆತ ಬಿತ್ತೋ ಇಲ್ಲವೋ ದಾಳ ಹಾಕಿ ತೀರ್ಮಾನ. ತೋಪು ಮಾತ್ರ ಮೂರೇ ಇಂಚು, ಅದೂ ಎರಡು ಜೋಡಿ ಎತ್ತು ಹೂಡಿದ್ದರೆ. ಮುಂಬಯಿಗೆ ಬಂದ ಮೇಲೆ ಹೋಟೆಲಿನ ಚಹಾ ಪೆಟ್ಟಿಗೆಗಳ ಒಳಗಿನ ಸೀಸದ ಹಾಳೆ ಕರಗಿಸಿ ಸದಾನಂದ ಇಕ್ಕೇರಿಯ ಸೈನ್ಯ ಎರಕ ಹೊಯ್ದುಕೊಂಡು ಕುಳಿತಿದ್ದ. ಎದುರಾಳಿಯೇ ಇರಲಿಲ್ಲ.

"ಮೂರು ವರ್ಷದಿಂದ ಹುಡುಕ್ತಾ ಇದ್ದೇನೆ. ನೀವು ವಿಜಾಪುರದ ಬಾದಶಹನ ಸೈನ್ಯ ಕಟ್ಟಿ. ಸೀಸ ನಾನು ಕೊಡ್ತೇನೆ," ಎಂದಿದ್ದ.

ಹೀಗೆ ಮುರಿಗೆಪ್ಪನ ವಹಿಯಲ್ಲಿ ಯೋಜನೆ ಬೆಳೆಯಿತು. ನೂರು ಕಾಲಾಳು, ಮೂವತ್ತು ಕುದುರೆ, ನಾಲ್ಕು ಆನೆ, ಹನ್ನೆರಡು ತೋಪು. ವಿಜಾಪುರದವನು ತೋಪಿನಲ್ಲಿ ಜಿಪುಣತನ ಮಾಡಿದರೆ ಊರಿಗೇ ಅವಮಾನ. ಹನ್ನೆರಡು ತೋಪಿಗೆ ಇಪ್ಪತ್ನಾಲ್ಕು ಜೋಡಿ ಎತ್ತು ಬೇಕು. ಎತ್ತಿಗೆ ಸದಾನಂದನ ಬಳಿ ಅಚ್ಚಿರಲಿಲ್ಲ. ಅಚ್ಚು ಯಾರಿಗೆ ಬೇಕು? ಒಕ್ಕಲುತನದ ಮನೆಯಲ್ಲಿ ಹುಟ್ಟಿದವನು ಮಣ್ಣಿನ ಎತ್ತು ಮಾಡಲು ಯಾರನ್ನು ಕೇಳಬೇಕು? ಗೋರೆಗಾಂವದ ಗದ್ದೆಯಂಚಿನಿಂದ ಎರಡು ಚೀಲ ಮಣ್ಣು ತಂದು, ಮೇ ತಿಂಗಳ ಬಿಸಿಲಿಗೆ ಕಿಟಕಿಯಲ್ಲಿ ಒಣಗಿಸಿ, ಕೋಡು, ಬೆನ್ನ ಮೇಲಿನ ಇಣಿ, ಕೊರಳ ಕೆಳಗಿನ ಗಂಗೆದೊಗಲು ಸಹಿತ ನಲವತ್ತೆಂಟು ಎತ್ತು ಮುಗಿಸಿದ್ದ. ಧೂಳು ಕೂರದಿರಲೆಂದು ಹಲಗೆಯ ಮೇಲೆ ಹಳೆಯ ಧೋತರ ಹೊದಿಸಿದ್ದ. ಮೊದಲ ಯುದ್ಧ ಅಮಾವಾಸ್ಯೆಯ ಮರುದಿನ, ರವಿವಾರ, ಹೋಟೆಲು ಮಧ್ಯಾಹ್ನ ಬಾಗಿಲು ಹಾಕಿದ ಹೊತ್ತಿನಲ್ಲಿ ಎಂದು ನಿಗದಿಯಾಗಿತ್ತು. ಸೋಮವಾರ ಅರ್ಜಿ. ಅಂದರೆ ಮೊದಲನೆಯದೇ ಕೊನೆಯದು. ಅದಕ್ಕೇ ಆ ಒಂದು ಯುದ್ಧವನ್ನಾದರೂ ಗೆಲ್ಲಲೇಬೇಕೆಂದು ಅವನು ಹಲ್ಲು ಕಚ್ಚಿ ಕುಳಿತಿದ್ದ.

ಇತ್ತ ರಾಚವ್ವನ ವರಾತ ಬೇರೆ. "ಅಮಾಸಿ ಬಂತು. ಈ ಊರಾಗ ಮಣ್ಣೆತ್ತು ಎಲ್ಲಿ ಸಿಗತಾವ? ಕುಂಬಾರ ಮನಿಗೆ ಬರಂಗಿಲ್ಲ, ಕೆರಿ ಮಣ್ಣಿಲ್ಲ. ಎತ್ತಿನ ಪೂಜಿ ಇಲ್ಲದ ವರ್ಷ ನಾ ಕಂಡಿಲ್ಲ. ಏನರ ಮಾಡತೀಯೇನೋ?"

ತೋಪಿನ ಗಾಲಿಗೆ ಬಣ್ಣ ಬಳಿಯುತ್ತಿದ್ದ ಮಗ ತಲೆಯೆತ್ತದೆ "ಹೂಂ" ಎಂದ. ಮೂರು ಸಲ ಕೇಳಿದಳು, ಮೂರು ಸಲವೂ "ಹೂಂ" ಎಂದ. ಮುಂದಿನ ಅನಾಹುತಕ್ಕೆಲ್ಲ ಆ ಹೂಂಕಾರವೇ ಮೂಲ.

ಶನಿವಾರ ಅರ್ಧ ದಿನದ ಕಚೇರಿ ಮುಗಿಸಿ, ಮಳೆಯಲ್ಲಿ ತೊಯ್ದು ಬಂದು ಬಾಗಿಲು ತೆರೆದರೆ, ಹಲಗೆಯ ಮೇಲೆ ತೋಪುಗಳಿದ್ದವು, ಸಿಪಾಯಿಗಳಿದ್ದರು, ಆನೆಗಳಿದ್ದವು. ಎತ್ತುಗಳಿರಲಿಲ್ಲ. ಮೂಲೆಯ ಮಣೆಯ ಮೇಲೆ ಒಂದೇ ಒಂದು ಜೋಡಿ, ಮೈತುಂಬ ವಿಭೂತಿ ಬಳಿದುಕೊಂಡು, ಕೊರಳಿಗೆ ಹೂವು ಹಾಕಿಕೊಂಡು, ಮೇವಿನ ಪುಟ್ಟ ಗ್ವಾದಲಿಯ ಜೋಳದ ಮುಂದೆ ನಿಂತಿತ್ತು.

"ಅವ್ವಾ, ಎತ್ತು ಎಲ್ಲಿ?"

ರಾಚವ್ವ ಒಲೆಯ ಮುಂದಿನಿಂದ ಎದ್ದು ಬಂದಳು. ಹನ್ನೊಂದು ತಿಂಗಳಲ್ಲಿ ಆ ಮುಖ ಅಷ್ಟು ಅರಳಿದ್ದನ್ನು ಅವನು ನೋಡಿರಲಿಲ್ಲ. "ನನ್ನ ಮಗ ಹೂಂ ಹೂಂ ಅಂತ ಸುಮ್ನಿದ್ದು ಇಡೀ ಊರಿಗಾಗೂ ಅಷ್ಟು ಎತ್ತು ಮಾಡಿಟ್ಟಾನ! ಧೋತರಾ ತಗದು ನೋಡಿದೆ, ಕಣ್ಣಾಗ ನೀರ ಬಂತು ನೋಡಪಾ. ಒಂದ್ ಜೋಡಿ ನಮಗ ಇಟಕೊಂಡೆ. ಹಾಲು ಹಾಕೂ ತಬೇಲಾದ ಎಮ್ಮಿ ಭಯ್ಯಾಗ ಒಂದ್ ಕೊಟ್ಟೆ. ಉಳದದ್ದು ಚಾಳಿನ ಎಲ್ಲಾ ಮನಿಗೂ ಹಂಚಿ ಬಂದೆ."

"ಎಲ್ಲಾ ಮನಿಗೂ?"

"ಇಪ್ಪತ್ತೆರಡು ಮನಿ. ಮತ್ತ, ಮಾಡಿದ ಎತ್ತು ಮನ್ಯಾಗ ಗುಡ್ಡಿ ಹಾಕೊಂಡು ಕುಂಡ್ರತಾರೇನು?"

ಮುರಿಗೆಪ್ಪ ಟ್ರಂಕಿನ ಮೇಲೆ ಕುಸಿದು ಕುಳಿತ. ಹೊಸದಾಗಿ ಮಾಡೋಣವೆಂದರೆ ಈ ಮಳೆಯಲ್ಲಿ ಮಣ್ಣು ಹತ್ತು ದಿನವಾದರೂ ಒಣಗುವುದಿಲ್ಲ. ಕೊನೆಗೆ ಮಣೆಯ ಮೇಲಿನ ಜೋಡಿಗೆ ಕೈ ಹಾಕಲು ಹೋದ.

"ಏ, ಮುಟ್ಟಬ್ಯಾಡ! ಪೂಜಿ ಆದ ಎತ್ತಿಗೆ ನೊಗಾ ಕಟ್ಟತಾರೇನು? ನಾಳಿ ನೀರಾಗ ಬಿಡಬೇಕು," ಎಂದು ಗದರಿದಳು.

ಹಾಗಾದರೆ ಪೂಜೆಯಾಗದವು ಎಲ್ಲಾದರೂ ಉಳಿದಿರಬೇಕು. ಪರಜಾತಿ, ಪರಭಾಷೆಯ ಜನ. ಮಣ್ಣೆತ್ತಿನ ಗೊಡವೆ ಅವರಿಗೇನು? ಚೀಲ ಹಿಡಿದು ಹೊರಟ. ಮೊದಲ ಬಾಗಿಲು ಗಂಗುಬಾಯಿಯದು. ಆಕೆ ನಲ್ಲಿಯ ಸಾಲಿಗೆ ಯಜಮಾನಿ; ಕೊಡ ಮುಂದಿಟ್ಟದ್ದಕ್ಕೆ ರಾಚವ್ವನ ಮೇಲೆ ಎರಡು ಸಲ ಹರಿಹಾಯ್ದಿದ್ದವಳು. ಅವಳ ಬಳಿ ಕೇಳಲು ಸಂಕೋಚವೇನೂ ಇಲ್ಲವೆಂದು ಮುರಿಗೆಪ್ಪ ಧೈರ್ಯವಾಗಿ ತಟ್ಟಿದ.

"ಯಾ, ಯಾ, ಬಸಾ!" ಗಂಗುಬಾಯಿ ಬಾಗಿಲು ಅಗಲ ಮಾಡಿದಳು. ಅವಳ ದೇವರ ಗೂಡಿನಲ್ಲಿ ಎತ್ತಿನ ಜೋಡಿ ಅರಿಸಿನ ಮೆತ್ತಿಕೊಂಡು ಊದುಬತ್ತಿಯ ಹೊಗೆ ಕುಡಿಯುತ್ತಿತ್ತು. ರಾಚವ್ವನಿಗೆ ಮರಾಠಿ ಬಾರದು, ಗಂಗುಬಾಯಿಗೆ ಕನ್ನಡ ಬಾರದು. ಆದರೂ ರಾಚವ್ವ ನೆಲದ ಮೇಲೆ ಕುಳಿತು, ಕೈಯಲ್ಲೇ ನೇಗಿಲು ಹಿಡಿದು, ಬಿತ್ತಿ, ರಾಶಿ ಮಾಡಿ ತೋರಿಸಿದ್ದಳಂತೆ. ತನ್ನ ತೌರಿನಲ್ಲೂ ಎತ್ತಿನ ಹಬ್ಬವಿತ್ತು, ಮುಂಬಯಿಗೆ ಬಂದ ಮೇಲೆ ಇಪ್ಪತ್ತು ವರ್ಷದಿಂದ ಬಿಟ್ಟುಹೋಗಿತ್ತು ಎಂದು ಗಂಗುಬಾಯಿ ಅರ್ಧ ಮರಾಠಿ ಅರ್ಧ ಹಿಂದಿಯಲ್ಲಿ ಹೇಳಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮುರಿಗೆಪ್ಪ ಬಂದ ಕಾರಣ ಹೇಳಲು ಚೀಲ ಮುಂದೆ ಮಾಡಿದ. ಅದೇ ತಪ್ಪಾಯಿತು.

"ಹಾಂ ಹಾಂ! ಆಯಿ ಬೋಲಲ್ಯಾ, ಧಾನ್ಯ ದ್ಯಾಯಚಂ ಅಸತಂ," ಎಂದು ಗಂಗುಬಾಯಿ ಎದ್ದು ಒಂದು ಸೇರು ಅಕ್ಕಿ ತಂದು ಚೀಲಕ್ಕೆ ಸುರಿದಳು. ಊರಿನಲ್ಲಿ ಎತ್ತು ತಂದುಕೊಟ್ಟ ಕುಂಬಾರನಿಗೆ ಮನೆಮನೆಯಿಂದ ಕಾಳು ಹಾಕುವುದು ರೂಢಿ. ಅದನ್ನೂ ರಾಚವ್ವ ಹೇಳಿ ಬಂದಿದ್ದಳು. ಮಗ ಕಾಳಿಗಾಗಿ ಬಂದನೆಂದೇ ಎಲ್ಲರ ತಿಳಿವಳಿಕೆ. ಎರಡನೆಯ ಮನೆಯಲ್ಲಿ ಗೋಧಿ ಹಾಕಿದರು. ಮೂರನೆಯ ಮನೆಯಲ್ಲಿ ಚಹಾ ಕುಡಿಸಿ ತೆಂಗಿನಕಾಯಿ ಕೊಟ್ಟರು. ನಾಲ್ಕನೆಯ ಮನೆಯ ಕೂಸು ಎತ್ತಿನ ಕೋಡನ್ನು ಚೀಪುತ್ತಿತ್ತು. ಮುರಿಗೆಪ್ಪ ಬಾಯಿ ತೆರೆಯುವ ಮೊದಲೇ ಚೀಲಕ್ಕೆ ಏನಾದರೂ ಬೀಳುತ್ತಿತ್ತು. ಬೇಡ ಎಂದರೆ ಸಂಕೋಚವೆಂದು ತಿಳಿದು ಎರಡರಷ್ಟು ಹಾಕುತ್ತಿದ್ದರು. ಏಳನೆಯ ಮನೆಗೆ ಅವನ ತೋಳು ಬಿದ್ದುಹೋಗಿ, ಮನೆಗೆ ಮರಳಿ ಚೀಲವನ್ನು ತಾಯಿಯ ಮುಂದೆ ಧೊಪ್ಪನೆ ಒಗೆದ.

"ನನಗೂ ಕರೀಬಾರದೇನೋ, ಇಬ್ಬರೂ ಹೋಗತಿದ್ವಿ," ಎಂದಳು ರಾಚವ್ವ.

ರವಿವಾರ ಮಧ್ಯಾಹ್ನ ಎರಡು ಡಬ್ಬಿಗಳಲ್ಲಿ ಸೈನ್ಯ ತುಂಬಿಕೊಂಡು ಅಂಧೇರಿಗೆ ಹೋದ. ಸದಾನಂದ ಹೋಟೆಲಿನ ಆರು ಮೇಜು ಜೋಡಿಸಿ, ಹಸಿರು ಪರದೆ ಹಾಸಿ, ಬಟಾಟೆಯ ಮೇಲೆ ಮಣ್ಣು ಬಳಿದು ಗುಡ್ಡ ಮಾಡಿದ್ದ. ಮುರಿಗೆಪ್ಪ ತೋಪುಗಳನ್ನು ಸಾಲಾಗಿ ಇಟ್ಟ.

"ಎತ್ತು ಎಲ್ಲಿ ಮಾರಾಯ್ರೆ?"

"ಜೋಗೇಶ್ವರಿಯಾಗ. ಒಂದೊಂದು ಜೋಡಿ ಒಂದೊಂದು ಮನಿಯ ದೇವರ ಜಗಲಿ ಮ್ಯಾಲ," ಎಂದು ಮುರಿಗೆಪ್ಪ ಕಥೆಯನ್ನೆಲ್ಲ ಹಲ್ಲು ಕಡಿಯುತ್ತ ಹೇಳಿದ.

ಸದಾನಂದ ಬಿದ್ದು ಬಿದ್ದು ನಕ್ಕ. ಅಡಿಗೆಯವರು ಹೊರಗೆ ಬಂದು ಇಣುಕಿ ನೋಡಿದರು. ಕೊನೆಗೆ ಕಣ್ಣೊರೆಸಿಕೊಂಡು, "ಆದ್ರೆ ನಿಯಮ ನಿಯಮವೇ. ಎತ್ತಿಲ್ಲದ ತೋಪು ಇದ್ದಲ್ಲೇ ಇರ್ಬೇಕು," ಎಂದ. ಕರುಣೆ ಎಂಬುದು ಆ ಮನುಷ್ಯನಿಗೆ ಗೊತ್ತೇ ಇರಲಿಲ್ಲ. ಇಕ್ಕೇರಿಯ ಕುದುರೆಗಳು ಗುಡ್ಡ ಬಳಸಿ ಹಿಂದಿನಿಂದ ಬಂದವು. ಹನ್ನೆರಡು ತೋಪುಗಳೂ ಎದುರಿನ ಉಪ್ಪಿನ ಬಟ್ಟಲಿಗೆ ಗುರಿಯಿಟ್ಟುಕೊಂಡು ನಿಂತೇ ಇದ್ದವು. ನಲವತ್ತು ನಿಮಿಷದಲ್ಲಿ ವಿಜಾಪುರ ನೆಲಕಚ್ಚಿತು.

"ಬರುವ ರವಿವಾರ ಸೇಡು ತೀರಿಸಿಕೊಳ್ಳಿ," ಎಂದ ಸದಾನಂದ.

"ನಾಳೆ ಅರ್ಜಿ ಕೊಡತೀನಿ. ಊರಿಗೆ ವರ್ಗ. ಅವ್ವಗ ಇಲ್ಲಿ ಹೊಂದಂಗಿಲ್ಲ."

ಸದಾನಂದನ ನಗು ನಿಂತುಹೋಯಿತು. ಬಿದ್ದ ಸಿಪಾಯಿಗಳನ್ನು ಒಂದೊಂದಾಗಿ ಎತ್ತಿ ಡಬ್ಬಿಗೆ ಹಾಕಿದ. "ನೀವು ಹೋದ್ರೆ ನಾನು ಯಾರ ಜೊತೆ ಆಡುವುದು?" ಎಂದು ತನಗೇ ಕೇಳಿಕೊಂಡ ಹಾಗೆ ಹೇಳಿದ. ಮುರಿಗೆಪ್ಪ ಎರಡೂ ಡಬ್ಬಿ ಎತ್ತಿಕೊಂಡ. ಹೇಳದೆ ಕೇಳದೆ ಮಳೆಯಲ್ಲೇ ಹೊರಟುಬಿಟ್ಟ.

ಜೋಗೇಶ್ವರಿಗೆ ಬಂದಾಗ ಮೊಣಕಾಲವರೆಗೆ ಕೆಸರು. ಬಾಗಿಲ ಬಳಿ ಗಂಗುಬಾಯಿಯ ಚಪ್ಪಲಿ ಸೇರಿ ನಾಲ್ಕು ಜೊತೆ ಚಪ್ಪಲಿ. ಅವನನ್ನು ಕಂಡು ಹೆಂಗಸರು ಎದ್ದು, "ಏತೋ ಆಯಿ" ಎಂದು ರಾಚವ್ವನಿಗೆ ಹೇಳಿ ಹೊರಟರು. ಒಳಗೆ ಹೋಗಿ ಡಬ್ಬಿ ಇಡಲು ಹಲಗೆಯ ಕಡೆ ತಿರುಗಿದರೆ ಅಲ್ಲಿ ಜಾಗವೇ ಇಲ್ಲ. ಇಳಕಲ್ಲು ಸೀರೆ, ಗುಳೇದಗುಡ್ಡದ ಕುಪ್ಪಸದ ಕಣ, ಕೌದಿ, ಎಲ್ಲ ಮಡಿಕೆ ಮುರಿಯದೆ ಸಾಲಾಗಿ ಕುಳಿತಿದ್ದವು.

ಅವನ ಸಹನೆಯ ಕಟ್ಟೆ ಒಡೆಯಿತು. "ಏನವ್ವಾ ಇದು! ಎತ್ತು ಹೋದ್ವು, ಯುದ್ಧ ಹೋತು, ಈಗ ಹಲಗಿನೂ ಹೋತೇನು? ಒಂದ್ ದಿನ ತಡಕೋ. ನಾಳಿ ಅರ್ಜಿ ಕೊಡತೀನಿ, ಎಲ್ಲಾ ಕಟಗೊಂಡು ನಿನ್ನ ಊರಿಗೇ ಹೋಗೂಣು!"

"ಯಾವ ಅರ್ಜಿ?" ಎಂದಳು ರಾಚವ್ವ.

"ಯಾವ ಅರ್ಜಿ? ಹನ್ನೊಂದು ತಿಂಗಳ ನನ್ನ ತಲಿ ತಿಂದು ಬರಿಸಿದಿಯಲ್ಲ, ಆ ಅರ್ಜಿ!"

"ನಾ ಯಾವಾಗ ಅಂದೆ?" ಆಕೆ ಒಳ್ಳೇ ಸಿಟ್ಟಿನಿಂದ ಕೇಳಿದಳು. "ಬರೂ ವರ್ಷ ಹಿಂದಿನ ಚಾಳಿನವರೂ ಎತ್ತು ಕೇಳ್ಯಾರ. ಅರವತ್ತು ಜೋಡಿ ಆಗತಾವ ಅಂತ ಗಂಗುಬಾಯಿ ಬೆರಳ ಮಾಡಿ ಎಣಿಸಿ ಹೇಳಿ ಹೋದಳು. ನೀ ಊರಿಗಿ ಹೋಗಿ ಕುಂತ್ರ ಇಲ್ಲಿ ಯಾರು ಮಾಡತಾರ?"

ಮುರಿಗೆಪ್ಪ ಹಲಗೆಯನ್ನೂ ತಾಯಿಯನ್ನೂ ನೋಡಿದ. ತೊಯ್ದ ಅಂಗಿಯಿಂದ ನೀರು ಸೋರುತ್ತಿತ್ತು, ಎರಡೂ ಕೈಯಲ್ಲಿ ಡಬ್ಬಿ ಹಾಗೇ ಇದ್ದವು.

"ಮತ್ತ ನನ್ನ ಸೈನ್ಯ ಎಲ್ಲಿ ಇಡಲಿ?" ಎಂದ, ಇನ್ನೂ ಗದರುವ ದನಿಯಲ್ಲೇ.

"ಟ್ರಂಕಿನಾಗ ಇಡು. ಖಾಲಿ ಮಾಡೀನಿ."

ಅವನು ನೆಲದ ಮೇಲೆ ಕುಳಿತು ಮುಚ್ಚಳ ಎತ್ತಿದ. ಡಾಂಬರು ಗುಳಿಗೆಯ ವಾಸನೆ ಮೂಗಿಗೆ ಹೊಡೆಯಿತು. ತಳದಲ್ಲಿ ಆಕೆ ತನ್ನ ಹಳೆಯ ಸೀರೆಯ ತುಂಡೊಂದನ್ನು ನಾಲ್ಕು ಮಡಿಕೆ ಮಾಡಿ ಹಾಸಿದ್ದಳು. ಹನ್ನೆರಡು ತೋಪುಗಳನ್ನು ಒಂದೊಂದಾಗಿ ಅದರ ಮೇಲೆ ಇಟ್ಟ, ಆಮೇಲೆ ಆನೆ, ಕುದುರೆ, ಕಾಲಾಳು. ಎಲ್ಲ ಇಟ್ಟಾದ ಮೇಲೂ ಒಂದು ಮೂಲೆಯಲ್ಲಿ ಎತ್ತುಗಳಿಗೆ ಆಗುವಷ್ಟು ಜಾಗ ಉಳಿದಿತ್ತು.