ಲಕ್ಕಮ್ಮನ ಗಂಟೆಯ ನಾಲಿಗೆ

ಶಾಂತಿಗ್ರಾಮದ ಲಕ್ಕಮ್ಮ ಬೆಳಗಿನ ಪೂಜೆಗೆ ಗಂಟೆ ಎತ್ತಿದಳೆಂದರೆ ಪಕ್ಕದ ಬೀದಿಯವರೂ ಹಾಸಿಗೆ ಸುತ್ತಬೇಕು, ಹಾಗಿತ್ತು ಅದರ ದನಿ. ಅದು ತವರಿನ ಗಂಟೆ. ಮದುವೆಯಾಗಿ ಹಿರೀಸಾವೆಯಿಂದ ಹೊರಟ ದಿನ ಅವಳವ್ವ ಅದನ್ನು ಮಡಿಲಿಗೆ ಹಾಕಿ, "ದೇವ್ರು ಎಲ್ಲೆಲ್ಲೂ ಅವ್ನೆ ಕಣವ್ವ. ಆದ್ರೂ ಬಾರಪ್ಪಾ ಅಂತ ಕರೀಬೇಕು. ಕರೆಯೋದು ನಮ್ ಮರ್ಯಾದೆ" ಅಂದಿದ್ದಳು. ಗಂಟೆ ಆಡಿಸಿದರೆ ಕೆಟ್ಟದ್ದು ಹೊರಕ್ಕೆ, ದೇವರು ಒಳಕ್ಕೆ ಅನ್ನುವುದು ಲಕ್ಕಮ್ಮನ ಗಟ್ಟಿ ನಂಬಿಕೆ. ಗಂಡ ಜವರಪ್ಪ ಮಾತ್ರ, "ಕೆಟ್ಟದ್ದು ಓಡೋಕೆ ಗಂಟೆ ಯಾಕೆ, ನಿನ್ ಬಾಯೊಂದೇ ಸಾಲ್ದಾ" ಅಂತ ಗೊಣಗಿ, ಅವಳು ತಿರುಗಿ ನೋಡುವಷ್ಟರಲ್ಲಿ ಹೊಲದ ಕಡೆ ಜಾರಿಕೊಳ್ಳುತ್ತಿದ್ದ.

ಬಾಯಿ ಅಂದರೆ ಬಾಯಿಯೇ ಅದು! ಆ ಬಾಯಿಂದಲೇ ಅವಳ ತಮ್ಮ ಚಿಕ್ಕಯ್ಯ ಎರಡು ವರ್ಷದಿಂದ ಇತ್ತ ತಲೆ ಹಾಕಿರಲಿಲ್ಲ. ಅವನ ಮಗಳ ಮದುವೆಯಲ್ಲಿ ಬೀಗರೆಲ್ಲ ಪಂಕ್ತಿಯಲ್ಲಿ ಕೂತು ಉಣ್ಣುವಾಗ ಈ ಮಹಾತಾಯಿ, "ಏನ್ಲಾ ಚಿಕ್ಕಯ್ಯ, ಇದು ಪಾಯಸನೋ ಕಲಗಚ್ಚೋ?" ಅಂದುಬಿಟ್ಟಿದ್ದಳು. ದನಕ್ಕಿಡುವ ಕಲಗಚ್ಚು, ಅದೂ ಬೀಗರ ಮುಂದೆ! ಚಿಕ್ಕಯ್ಯನಿಗೆ ಮೈಯೆಲ್ಲ ಉರಿದು, "ನಿನ್ ನಾಲ್ಗೆ ಬಿದ್ದೋಗ!" ಅಂದ. ಲಕ್ಕಮ್ಮ ಎಲೆ ಬಿಟ್ಟೆದ್ದು ಬಸ್ಸು ಹತ್ತಿದಳು. ಅವನಾಗಿ ಬರಲಿ ಅಂತ ಇವಳು, ಅವಳಾಗಿ ಕರೆಯಲಿ ಅಂತ ಅವನು. ಗೌರಿ ಹಬ್ಬಕ್ಕೆ ತವರಿನ ಬಾಗಿನ ಬರುವುದೂ ನಿಂತಿತು. ತವರಿನ ಸೀರೆಯುಟ್ಟ ಓರಗೆಯವರನ್ನು ನೋಡಿ ಲಕ್ಕಮ್ಮ ನಡುಮನೆಯ ಕತ್ತಲಲ್ಲಿ ಅತ್ತಿದ್ದು ಜವರಪ್ಪನಿಗೂ ಗೊತ್ತಿಲ್ಲ.

ಐವತ್ತೆಂಟನೇ ಇಸವಿಯ ಕಾರ್ತೀಕದಲ್ಲಿ ಒಂದು ಬೆಳಿಗ್ಗೆ ಲಕ್ಕಮ್ಮ ಗಂಟೆ ಆಡಿಸಿದಳು. ಸದ್ದೇ ಇಲ್ಲ. ಒಳಗಿನ ನಾಲಿಗೆ, ಸವೆದ ಕೊಂಡಿಯಿಂದ ಕಳಚಿ, ಉರುಳಿಕೊಂಡು ಹೋಗಿ ದೀಪದ ಬುಡದಲ್ಲಿ ಬಿತ್ತು. ತವರಿನದು ಅಂತ ಉಳಿದಿದ್ದ ಒಂದು ದನಿಯೂ ಹೋಯಿತಲ್ಲಪ್ಪಾ! ಅಂದಿನ ಮಂಗಳಾರತಿಗೆ ಗಂಡನಿಗೆ ಹಿತ್ತಾಳೆ ತಟ್ಟೆ ಬಡಿಯಲು ಹೇಳಿದಳು. "ದೇವ್ರನ್ನ ಊಟಕ್ಕೆ ಕರ್ದಂಗಾಯ್ತು" ಅಂದ ಜವರಪ್ಪ.

ಗಂಟೆಗೆ ಎರಕ ಹೊಯ್ದಿದ್ದ ಕಂಚುಗಾರನ ಮನೆ ಹಿರೀಸಾವೆಯಲ್ಲೇ. ಲಕ್ಕಮ್ಮ ರಸ್ತೆಗೆ ಹೋಗಿ ಬೆಂಗಳೂರು ಬಸ್ಸಿಗೆ ಕೈ ಅಡ್ಡ ಹಾಕಿ ಕಂಡಕ್ಟರ್ ಪುಟ್ಟರಾಜುವಿಗೆ ಹೇಳಿದಳು: "ಇರೀಸಾವೆ ಕಂಚುಗಾರನಿಗೆ ಯೋಳಪ್ಪ, ಲಕ್ಕಮ್ಮನ ಮನೆ ಗಂಟೆ ನಾಲ್ಗೆ ಬಿದ್ದೋಗೈತೆ, ಸರಿ ಮಾಡ್ಕೊಟ್ಟಾನಾ ಕೇಳು."

ಆಮೇಲೆ ನಡೆದದ್ದಿಷ್ಟು. ಹಿರೀಸಾವೆ ಬರುವ ಹೊತ್ತಿಗೆ ಪುಟ್ಟರಾಜುವಿನ ಬಸ್ಸಿನ ತುಂಬ ಜನ, ಬಾಯಿ ತುಂಬ ಎಲೆಯಡಿಕೆ. ಕಂಚುಗಾರನಿಗೆ ಬೇರೆ ಬಿಡಿಸಿ ಹೇಳಬೇಕೇ ಅಂದುಕೊಂಡು, ಬಸ್ಸು ಹೊರಡುವ ಅವಸರದಲ್ಲಿ ಕಂಚುಗಾರ ದಿನಾ ಕೂರುವ ಹೋಟೆಲಿನ ಕಡೆ ತಿರುಗಿ ಕೂಗಿದ: "ಶಾಂತಿಗ್ರಾಮದ ಲಕ್ಕಮ್ಮನ ನಾಲ್ಗೆ ಬಿದ್ದೋಗೈತಂತೆ ಕಣ್ರಪ್ಪೋ!" ಕಂಚುಗಾರ ಅಲ್ಲಿರಲಿಲ್ಲ. ಬೋಂಡ ತಿನ್ನುತ್ತ ಕೂತಿದ್ದವನು ಚಿಕ್ಕಯ್ಯ.

ಮಧ್ಯಾಹ್ನ ಲಕ್ಕಮ್ಮ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದಳು. ತಲೆಯೆತ್ತಿದರೆ ಎದುರಿಗೆ ತಮ್ಮ, ಕಂಕುಳಲ್ಲಿ ಒಂದು ಸೀರೆ, ಕಣ್ಣೆಲ್ಲ ಕೆಂಪು. ಏನೋ ಅನ್ನಬೇಕೆಂದು ಬಾಯಿ ತೆರೆದಳು. ಗಂಟಲು ಕಟ್ಟಿಬಿಟ್ಟಿತು. ಹುಟ್ಟಿದಾರಭ್ಯ ಅವಳಿಗೆ ಹಾಗಾಗಿದ್ದೇ ಇಲ್ಲ.

ಚಿಕ್ಕಯ್ಯ ಹೋ ಅಂತ ಅತ್ತು ಅವಳ ಕಾಲು ಹಿಡಿದ. "ಅಯ್ಯೋ ಅಕ್ಕಯ್ಯ, ನನ್ ಬಾಯಿಗೆ ಮಣ್ಣಾಕ! ನಾನಂದಿದ್ದೇ ನಿಂಗೆ ತಟ್ಟಿಬುಡ್ತಲ್ಲಾ! ಒಂದ್ ಮಾತಾಡು. ಬಯ್ಯಿ, ಬೇಕಾದಷ್ಟು ಬಯ್ಯಿ!"

"ಸುಮ್ನಿರೋ ಮಾರಾಯ, ಕೆದಕ್ಬೇಡ" ಅಂದ ಬಾಗಿಲಲ್ಲಿ ನಿಂತಿದ್ದ ಜವರಪ್ಪ. "ಬಾಯಿ ಮುಚ್ಚಿರೋದೇ ಅಪರೂಪ."

ಲಕ್ಕಮ್ಮನಿಗೆ ಈಗ ಅರ್ಥವಾಯಿತು. "ಯಾವನ್ಲಾ ಯೋಳ್ದೋನು ನನ್ ನಾಲ್ಗೆ ಬಿದ್ದೋಯ್ತು ಅಂತ! ಬಿದ್ದಿದ್ದು ಗಂಟೇದು ಕಣ್ಲಾ ಬೆಪ್ಪೆ!"

ಅಕ್ಕನ ಬೈಗುಳ ಕಿವಿಗೆ ಬಿದ್ದದ್ದೇ ಚಿಕ್ಕಯ್ಯನಿಗೆ ಹೋದ ಜೀವ ಬಂದಂತಾಯಿತು. ಅಳುತ್ತಲೇ ನಕ್ಕ. "ಇನ್ನೊಂದಿಷ್ಟು ಬಯ್ಯಿ ಅಕ್ಕಯ್ಯ" ಅಂದ.

"ನೀನು ಬರೋಕೆ ನನ್ ನಾಲ್ಗೆ ಬೀಳ್ಬೇಕಿತ್ತೇನ್ಲಾ?"

"ನೀನೆಲ್ಲಿ ಕರ್ದೆ? ದಿನಾ ಗಂಟೆ ಆಡ್ಸಿ ದೇವ್ರನ್ನ ಕರೀತೀಯ. ನನ್ನ ಒಂದ್ಸಲ ಕರ್ದೆಯಾ? ಈ ಬಾಗಿನದ ಸೀರೆ ಎರಡೊರ್ಷದಿಂದ ಪೆಟ್ಟಿಗೇಲೇ ಇತ್ತು."

ಲಕ್ಕಮ್ಮ ಸೀರೆ ತೆಗೆದುಕೊಂಡು ಕಣ್ಣಿಗೊತ್ತಿ ಒಳಗೆ ಹೋಗಿ ಶಾವಿಗೆ ಪಾಯಸಕ್ಕಿಟ್ಟಳು. ಊಟಕ್ಕೆ ಕೂತ ಚಿಕ್ಕಯ್ಯ ಪಾಯಸ ಸೊರ್ ಎಂದು ಹೀರಿ, ಭಾವನ ಕಡೆ ಕಣ್ಣು ಮಿಟುಕಿಸಿ, "ಕಲಗಚ್ಚು ಬೋ ಚಂದಾಗದೆ" ಅಂದ. ಲಕ್ಕಮ್ಮ ಸೌಟು ಎತ್ತಿದಳು. ಹೊಡೆಯಲಿಲ್ಲ, ಇನ್ನೊಂದು ಸೌಟು ಬಡಿಸಿದಳು.

ಸಂಜೆಯ ಬಸ್ಸಿಗೆ ಅಕ್ಕ ತಮ್ಮ ರಸ್ತೆಗೆ ಬಂದರು. ಚಿಕ್ಕಯ್ಯ ಗಂಟೆಯನ್ನೂ ಅದರ ನಾಲಿಗೆಯನ್ನೂ ಟವಲಿನಲ್ಲಿ ಕಟ್ಟಿಕೊಂಡಿದ್ದ.

"ಕೊಂಡಿ ಆಕ್ಸಿ ಪುಟ್ಟರಾಜು ಕೈಲಿ ಕಳಿಸ್ತೀನಿ" ಅಂದ.

"ಅವನ ಕೈಗೆ ಕೊಟ್ಟೀಯ ಮತ್ತೆ! ಮುಂದಿನ ಸಲ ನನ್ ತಿಥೀನೇ ಸಾರ್ಬುಡ್ತಾನೆ."

ಚಿಕ್ಕಯ್ಯ ನಗುತ್ತ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತ. ಬಸ್ಸು ಗುರ್ ಎಂದು ಹೊರಟಿತು. ಲಕ್ಕಮ್ಮನಿಗೆ ಅದೇನಾಯಿತೋ, ಸೆರಗು ಸೊಂಟಕ್ಕೆ ಸಿಕ್ಕಿಸಿ ಅದರ ಜೊತೆಗೇ ಓಡಿದಳು.

"ನೀನೇ ತಕ್ಕೊಂಡು ಬಾರಪ್ಪಾ, ಚಿಕ್ಕಯ್ಯಾ!" ಅಂತ ಕೂಗಿದಳು. "ಬಾರಪ್ಪಾ!"

ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.